‘ಎವೆಂಚುವಲಿ ಬರ್ತೀವಿ’ ಅಂದವರು ಬರಲೇ ಇಲ್ಲ: ಯುರೋಪಿನವರ ಇಂಗ್ಲಿಷ್ ಯಾಕೆ ಹೀಗೆ?

ಪ್ರಶ್ನೆ: ಮೇಡಂ, ನಾನು ದಾವಣಗೆರೆ ಕಡೆಯವಳು. ಎರಡು ವರ್ಷದಿಂದ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಎಂಜಿನಿಯರ್ ಆಗಿದ್ದೇನೆ. ಆಫೀಸಿನಲ್ಲಿ ಎಲ್ಲರೂ ಇಂಗ್ಲಿಷ್ ಮಾತಾಡುತ್ತಾರೆ, ಆದರೂ ಎಡವಟ್ಟು ತಪ್ಪಿದ್ದಲ್ಲ. ನಮ್ಮ ಮ್ಯಾನೇಜರ್ ‘ಮಾರ್ಚ್‌ನಲ್ಲಿ ಎವೆಂಚುವಲಿ ಬೆಂಗಳೂರಿಗೆ ಬರ್ತೀವಿ’ ಎಂದು ಇಂಗ್ಲಿಷಿನಲ್ಲಿ ಮೇಲ್ ಹಾಕಿದರು. ನಾನು ಬೆಂಗಳೂರಿನ ತಂಡಕ್ಕೆ ತಿಳಿಸಿದೆ. ಅವರು ರೂಮು, ಕಾರು ಎಲ್ಲ ಬುಕ್ ಮಾಡಿದರು. ಯಾರೂ ಬರಲಿಲ್ಲ! ಕೇಳಿದರೆ ‘ಬರ್ತೀವಿ ಅಂತ ನಾವು ಹೇಳೇ ಇಲ್ಲವಲ್ಲ’ ಅಂದರು. ಫ್ರಾನ್ಸಿನ ಲಿಯೋನ್ ಆಫೀಸಿನವರಂತೂ ಪ್ರತಿ ಮೇಲ್‌ನಲ್ಲೂ ‘ವಿ ಡಿಮಾಂಡ್’ ಅಂತಲೇ ಶುರು ಮಾಡುತ್ತಾರೆ. ಓದಿದರೆ ಮೈ ಉರಿಯುತ್ತದೆ. ತಪ್ಪು ಅವರದಾ, ನನ್ನದಾ? ಇಂಥ ಪದಗಳ ಪಟ್ಟಿ ಎಲ್ಲಾದರೂ ಸಿಗುತ್ತದಾ? ಮುಂದಿನ ತಿಂಗಳು ಕೆಲಸದ ಮೇಲೆ ಪೋರ್ಚುಗಲ್‌ಗೆ ಬೇರೆ ಹೋಗಬೇಕು. ಅಲ್ಲೂ ಇದೇ ಕಥೆನಾ?

ಉತ್ತರ: ನಿಮ್ಮ ಮ್ಯಾನೇಜರ್ ‘ಬರ್ತೀವಿ’ ಅಂತ ನಿಜಕ್ಕೂ ಹೇಳಲಿಲ್ಲ. ‘ಬಂದರೂ ಬಂದೇವು’ ಅಂದರು.

ಜರ್ಮನ್ ಭಾಷೆಯಲ್ಲಿ ‘ಎವೆಂಟುಯೆಲ್’ ಅಂತ ಒಂದು ಪದ ಇದೆ. ಆಗಬಹುದು, ಆಗದೆಯೂ ಇರಬಹುದು, ಇನ್ನೂ ಗಟ್ಟಿಯಾಗಿಲ್ಲ ಅಂತ ಅದರ ಅರ್ಥ. ಕನ್ನಡದಲ್ಲಿ ಇದಕ್ಕೆ ಬೇರೆ ಪದವೇ ಬೇಡ, ಕ್ರಿಯಾಪದದ ಬಾಲ ಸಾಕು: ಮಳೆ ಬಂದೀತು, ಅವರು ಬಂದಾರು. ಇಂಗ್ಲಿಷಿನ ‘ಎವೆಂಚುವಲಿ’ ಹಾಗಲ್ಲ. ತಡವಾದರೂ ಕೊನೆಗೆ ಆಗೇ ಆಗುತ್ತದೆ ಅನ್ನುವ ಭರವಸೆ ಅದರಲ್ಲಿದೆ. ನಿಮ್ಮ ಮ್ಯಾನೇಜರ್ ತಲೆಯಲ್ಲಿ ಜರ್ಮನ್ ಪದ ಇತ್ತು, ಕೈ ಇಂಗ್ಲಿಷ್ ಪದ ಬರೆಯಿತು. ನೀವು ಓದಿದ್ದು ಇಂಗ್ಲಿಷ್. ಬೆಂಗಳೂರಿನಲ್ಲಿ ರೂಮು ಬುಕ್ ಆಯಿತು.

ಎರಡೂ ಪದ ಒಂದೇ ತಾಯಿಯ ಮಕ್ಕಳು. ಲ್ಯಾಟಿನ್‌ನಲ್ಲಿ ‘ಎವೆಂತುಸ್’ ಅಂದರೆ ಹೊರಗೆ ಬಂದದ್ದು, ಅಂದರೆ ಒಂದು ಕೆಲಸದಿಂದ ಕೊನೆಗೆ ಹೊರಬಿದ್ದ ಫಲ. ಇಂಗ್ಲಿಷಿನವರು ಅದರಲ್ಲಿ ‘ಕೊನೆಗೆ’ ಅನ್ನುವುದನ್ನು ಹಿಡಿದುಕೊಂಡರು. ಉಳಿದವರು ‘ಏನು ಹೊರಬೀಳುತ್ತದೋ ನೋಡೋಣ’ ಅನ್ನುವ ಅನುಮಾನವನ್ನು ಹಿಡಿದುಕೊಂಡರು.

ಇಂಥ ಜೋಡಿಗಳಿಗೆ ‘ಫಾಲ್ಸ್ ಫ್ರೆಂಡ್ಸ್’ ಅಂತಾರೆ, ಸುಳ್ಳು ಗೆಳೆಯರು. 1928ರಲ್ಲಿ ಇಬ್ಬರು ಫ್ರೆಂಚ್ ವಿದ್ವಾಂಸರು ಫ್ರೆಂಚ್ ಮತ್ತು ಇಂಗ್ಲಿಷ್ ನಡುವಿನ ಇಂಥ ಪದಗಳನ್ನು ಕೂಡಿಹಾಕಿ ಈ ಹೆಸರಿಟ್ಟರು. ಇಂಟರ್ನೆಟ್ಟಿನಲ್ಲಿ ಹುಡುಕಿದರೆ ನಗು ಬರಿಸುವ ಪಟ್ಟಿಗಳು ಬೇಕಾದಷ್ಟು ಸಿಗುತ್ತವೆ. ಸ್ಪೇನ್‌ನಲ್ಲಿ ನಾಚಿಕೆಯಾಯಿತು ಅಂತ ಹೇಳಲು ‘ಎಂಬರಾಸಾದಾ’ ಅಂದರೆ ಬಸುರಿ ಅಂತ ಅರ್ಥ. ಈ ಜಾಮ್‌ನಲ್ಲಿ ‘ಪ್ರಿಸರ್ವೇಟಿವ್’ ಇದೆಯಾ ಅಂತ ಫ್ರಾನ್ಸಿನಲ್ಲಿ ಕೇಳಿದರೆ ಅಂಗಡಿಯವನು ಗಾಬರಿಯಾಗುತ್ತಾನೆ, ಅಲ್ಲಿ ಅದು ಕಾಂಡೋಮ್. ಫ್ರಾನ್ಸ್ ಮಾತ್ರ ಅಲ್ಲ, ಸ್ಪೇನ್, ಇಟಲಿ, ಪೋಲೆಂಡ್, ರಷ್ಯಾದಲ್ಲೂ ಅಷ್ಟೇ. ಆದರೆ ಇವು ನಿಜವಾಗಿ ಅಪಾಯದ ಪದಗಳಲ್ಲ. ಬಾಯಿಂದ ಬಿದ್ದ ತಕ್ಷಣ ಎಲ್ಲರೂ ನಗುತ್ತಾರೆ, ತಪ್ಪು ಗೊತ್ತಾಗುತ್ತದೆ, ಮುಗಿಯಿತು.

ಎಚ್ಚರ ಇರಬೇಕಾದದ್ದು ವಾಕ್ಯದಲ್ಲಿ ಸರಿಯಾಗಿ ಕೂತುಬಿಡುವ ಪದಗಳ ಬಗ್ಗೆ. ‘ಎವೆಂಚುವಲಿ ಬರ್ತೀವಿ’ ಎರಡೂ ಅರ್ಥದಲ್ಲಿ ಸರಿಯಾಗಿಯೇ ಕೇಳುತ್ತದೆ. ಯಾರೂ ನಗುವುದಿಲ್ಲ. ತಿಂಗಳಾದ ಮೇಲೆ ಬಿಲ್ಲು ಬರುತ್ತದೆ.

ನೀವು ಎಂಜಿನಿಯರ್ ಆದ್ದರಿಂದ ಇನ್ನೊಂದನ್ನು ಈಗಲೇ ಹೇಳಿಬಿಡುತ್ತೇನೆ: ‘ಆಕ್ಚುವಲ್’. ಜರ್ಮನ್ ಸಹೋದ್ಯೋಗಿ ‘ಆಕ್ಚುವಲ್ ಡ್ರಾಯಿಂಗ್ ಕಳಿಸಿ’ ಅಂದರೆ ನೀವು ‘ನಿಜವಾದ, ಅಸಲಿ ಡ್ರಾಯಿಂಗ್’ ಅಂತ ತಿಳಿದು ಮೊಟ್ಟಮೊದಲ ಫೈಲನ್ನು ಕಳಿಸಿಬಿಡಬಹುದು. ಅವರು ಕೇಳಿದ್ದು ಈಗ ಚಾಲ್ತಿಯಲ್ಲಿರುವ, ತೀರಾ ಇತ್ತೀಚಿನ ಡ್ರಾಯಿಂಗನ್ನು. ಅವರ ‘ಆಕ್ಟುಯೆಲ್’ ಅಂದರೆ ಈಗಿನದು. ಇದರ ಬೇರು ಲ್ಯಾಟಿನ್ನಿನ ‘ಆಕ್ತುಸ್’, ಅಂದರೆ ಮಾಡಿದ ಕೆಲಸ, ಕ್ರಿಯೆ. ಮಾಡಿದ್ದು ಅಂದರೆ ಬರೀ ಮಾತಲ್ಲ, ನಿಜ. ಮಾಡುತ್ತಿರುವುದು ಅಂದರೆ ಸದ್ಯದ್ದು. ಇಂಗ್ಲಿಷ್ ಮೊದಲನೆಯ ದಾರಿ ಹಿಡಿಯಿತು, ಉಳಿದವು ಎರಡನೆಯದನ್ನು.

ಈಗ ಲಿಯೋನ್‌ನವರ ‘ಡಿಮಾಂಡ್’. ದಯವಿಟ್ಟು ಮೈ ಉರಿಸಿಕೊಳ್ಳಬೇಡಿ. ಫ್ರೆಂಚಿನ ‘ದ್ಮಾಂದೆ’ ತೀರಾ ಸಾಧು ಪದ. ಕೇಳು, ವಿಚಾರಿಸು, ಅಷ್ಟೇ. ಅಂಗಡಿಯಲ್ಲಿ ದಾರಿ ಕೇಳುವುದಕ್ಕೂ ಅದೇ, ಉಪ್ಪು ಕೊಡಿ ಅಂತ ಕೇಳುವುದಕ್ಕೂ ಅದೇ. ಅದಕ್ಕೆ ಗತ್ತು ಬಂದದ್ದು ಇಂಗ್ಲೆಂಡಿನ ಕೋರ್ಟುಗಳಲ್ಲಿ. 1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದ. ಆಮೇಲೆ ಅಲ್ಲಿನ ಅರಮನೆ, ಕೋರ್ಟು, ಕಾನೂನಿನಲ್ಲೆಲ್ಲ ಫ್ರೆಂಚ್ ನಡೆಯಿತು. ಕೋರ್ಟಿನಲ್ಲಿ ವಾದವನ್ನು ಇಂಗ್ಲಿಷಿನಲ್ಲಿ ಮಾಡಬೇಕು ಅಂತ ಕಾನೂನು ಬಂದದ್ದು 1362ರಲ್ಲಿ. ಕೋರ್ಟಿನಲ್ಲಿ ಕೇಳುವುದು ಅಂದರೆ ಹಕ್ಕಿನಿಂದ ಕೇಳುವುದು, ಅಲ್ವಾ? ಆ ವಕೀಲರ ಧಾಟಿಯೇ ಇಂಗ್ಲಿಷಿನ ‘ಡಿಮಾಂಡ್’ಗೆ ಅಂಟಿಕೊಂಡಿತು. ಫ್ರಾನ್ಸಿನಲ್ಲಿ ಪದ ಮೊದಲಿನಂತೆಯೇ ಮೆತ್ತಗೆ ಉಳಿಯಿತು.

ಇದು ನಮಗೇನೂ ಹೊಸದಲ್ಲ. ‘ಪರಿಹಾರಕ್ಕೆ ಆಗ್ರಹ’ ಅಂತ ಕನ್ನಡ ಪತ್ರಿಕೆಯಲ್ಲಿ ಬಂದರೆ ಜನ ಬೀದಿಗಿಳಿದಿದ್ದಾರೆ ಅಂತ ಅರ್ಥ. ಹಿಂದಿಯವರು ‘ಆಗ್ರಹ್’ ಅಂದರೆ ಬಹಳ ಸಲ ಅದು ಸ್ವಲ್ಪ ಒತ್ತಾಯದ ಕೋರಿಕೆ, ‘ಊಟ ಮಾಡಿಕೊಂಡೇ ಹೋಗಿ’ ಅನ್ನುವಂಥದ್ದು. ಅವರ ‘ಶಿಕ್ಷಾ’ ವಿದ್ಯೆ, ನಮ್ಮ ‘ಶಿಕ್ಷೆ’ ಜೈಲು. ಉತ್ತರದ ಊರಲ್ಲಿ ‘ಶಿಕ್ಷಾ ವಿಭಾಗ್’ ಅನ್ನುವ ಬೋರ್ಡು ನೋಡಿ ನಾನು ಚಿಕ್ಕವಳಿದ್ದಾಗ ಅಪ್ಪನ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಹಿಂದಿಯ ದೊಡ್ಡ ಕಾದಂಬರಿಕಾರರೊಬ್ಬರಿಗೆ ‘ಉಪನ್ಯಾಸ್ ಸಮ್ರಾಟ್’ ಅಂತ ಬಿರುದಿದೆ. ಕನ್ನಡದವರ ಕಿವಿಗೆ ಅವರು ದೊಡ್ಡ ಭಾಷಣಕಾರರು! ಅವಸರ, ಅನುಮಾನ, ಚೇಷ್ಟೆ, ರಾಜೀನಾಮೆ, ಎಲ್ಲವೂ ಗಡಿ ದಾಟಿದರೆ ಬೇರೆ ಅರ್ಥ.

ಇಲ್ಲೊಂದು ಮಜಾ ಗಮನಿಸಿ. ‘ಶಿಕ್ಷೆ’ ಅಂದರೆ ದಂಡನೆ ಅಂತ ಹೇಳುವುದರಲ್ಲಿ ನಾವು ಒಬ್ಬರೇ ಅಲ್ಲ. ಮರಾಠಿಯವರೂ ತೆಲುಗಿನವರೂ ನಮ್ಮ ಜೊತೆಗಿದ್ದಾರೆ. ಯುರೋಪಿನಲ್ಲೂ ಹೀಗೇ ಗುಂಪು ಇದೆ. ‘ಎವೆಂಚುವಲಿ’ಯನ್ನು ತೆಗೆದುಕೊಳ್ಳಿ. ಜರ್ಮನ್, ಡಚ್, ಸ್ವೀಡಿಷ್, ಡೇನಿಷ್, ಫ್ರೆಂಚ್, ಇಟಾಲಿಯನ್, ಪೋಲಿಷ್, ಚೆಕ್, ಎಲ್ಲರಿಗೂ ಅದು ‘ಆದರೂ ಆದೀತು’. ‘ಆಕ್ಚುವಲ್’ ಎಲ್ಲರಿಗೂ ‘ಈಗಿನದು’. ‘ಸೆನ್ಸಿಬಲ್’ ಅಂದರೆ ಫ್ರೆಂಚರಿಗೆ, ಜರ್ಮನರಿಗೆ, ಸ್ಪೇನಿನವರಿಗೆ ಬೇಗ ನೊಂದುಕೊಳ್ಳುವ ಸೂಕ್ಷ್ಮ ಮನಸ್ಸಿನವರು. ಇಂಗ್ಲಿಷರಿಗೆ ಮಾತ್ರ ವಿವೇಕವಂತರು. ಅಂದರೆ ಇಡೀ ಭೂಖಂಡ ಒಂದು ಕಡೆ, ಇಂಗ್ಲಿಷ್ ಒಂದೇ ಇನ್ನೊಂದು ಕಡೆ. ಒಂಟಿ ನಿಂತಿರುವುದು ನಾವು ಶಾಲೆಯಲ್ಲಿ ಕಲಿತ ಭಾಷೆ.

ಹೀಗಾಗಲು ಕಾರಣ ಇದೆ. ಇಂಗ್ಲಿಷ್ ಈ ಪದಗಳನ್ನು ಫ್ರೆಂಚಿನಿಂದ ಬೇಗ ತಂದುಕೊಂಡು, ಸಮುದ್ರದಾಚೆ ತನ್ನ ಪಾಡಿಗೆ ಬೆಳೆಸಿತು. ಉಳಿದ ದೇಶಗಳಲ್ಲಿ ಹದಿನೇಳು, ಹದಿನೆಂಟನೇ ಶತಮಾನದಲ್ಲಿ ಆಸ್ಥಾನ ಮತ್ತು ರಾಜತಂತ್ರದ ಭಾಷೆ ಫ್ರೆಂಚ್ ಆಗಿತ್ತು. ಬರ್ಲಿನ್, ವಾರ್ಸಾ, ಸ್ಟಾಕ್‌ಹೋಮ್, ಎಲ್ಲರೂ ಒಂದೇ ಅಂಗಡಿಯಿಂದ ಸಾಮಾನು ತಂದರು. ಹಾಗಾಗಿ ಜರ್ಮನ್ ಮತ್ತು ಪೋಲಿಷ್ ಭಾಷೆಗಳು ಒಂದಕ್ಕೊಂದು ಎಷ್ಟೇ ದೂರವಾಗಿದ್ದರೂ ಅವರಿಬ್ಬರ ತಪ್ಪು ಇಂಗ್ಲಿಷ್ ಒಂದೇ ಥರ ಇರುತ್ತದೆ. ಇದು ನಿಮಗೆ ಅನುಕೂಲ. ಜರ್ಮನರಿಗಾಗಿ ಕಲಿತದ್ದು ಪೋಲೆಂಡಿನವರ ಜೊತೆಯೂ ಕೆಲಸಕ್ಕೆ ಬರುತ್ತದೆ.

ಇನ್ನೊಂದು ಪದ ನಿಮಗೆ ದಿನಾ ಸಿಗುತ್ತದೆ, ‘ಕಂಟ್ರೋಲ್’. ‘ಪ್ಲೀಸ್ ಕಂಟ್ರೋಲ್ ದಿ ಡ್ರಾಯಿಂಗ್’ ಅಂದರೆ ಹತೋಟಿಯಲ್ಲಿ ಇಟ್ಟುಕೊಳ್ಳಿ ಅಂತಲ್ಲ, ಒಂದು ಸಲ ಪರೀಕ್ಷಿಸಿ ಅಂತ. ಹಳೆಯ ಫ್ರೆಂಚಿನಲ್ಲಿ ‘ಕೊಂತ್ರ್ ರೋಲ್’ ಅಂದರೆ ಲೆಕ್ಕದ ಸುರುಳಿಗೆ ಎದುರು ಸುರುಳಿ. ಒಂದು ಸುರುಳಿಯಲ್ಲಿ ಲೆಕ್ಕ ಬರೆಯುವುದು, ಅದರ ನಕಲನ್ನು ಇನ್ನೊಬ್ಬ ಇಟ್ಟುಕೊಂಡು ತಾಳೆ ನೋಡುವುದು. ತಾಳೆ ನೋಡುವವನ ಕೈಯಲ್ಲೇ ಹತೋಟಿ ಇರುತ್ತದೆ. ಆ ಹತೋಟಿ ಅರ್ಥವೇ ಇಂಗ್ಲಿಷಿನಲ್ಲಿ ಮುಂದೆ ಬಂತು. ಆದರೂ ಏರ್‌ಪೋರ್ಟಿನ ‘ಪಾಸ್‌ಪೋರ್ಟ್ ಕಂಟ್ರೋಲ್’ ಬೋರ್ಡಿನಲ್ಲಿ ಹಳೆಯ ಅರ್ಥ ಇಂಗ್ಲಿಷಿನಲ್ಲೂ ಉಳಿದಿದೆ.

ಲ್ಯಾಟಿನ್, ಫ್ರೆಂಚಿನ ಸಂಬಂಧವೇ ಇಲ್ಲದ ಸುಳ್ಳು ಗೆಳೆಯರೂ ಇದ್ದಾರೆ. ಜರ್ಮನ್ ಮತ್ತು ಇಂಗ್ಲಿಷ್ ದಾಯಾದಿಗಳು, ಹಾಗಾಗಿ ಮನೆತನದ ಪದಗಳಲ್ಲೇ ಗೊಂದಲ. ರೆಸ್ಟೋರೆಂಟಿನಲ್ಲಿ ಜರ್ಮನ್ ಒಬ್ಬ ‘ಐ ಬಿಕಮ್ ಎ ಸ್ಟೇಕ್’ ಅಂದ, ಅಂದರೆ ‘ನಾನು ಮಾಂಸದ ತುಂಡಾಗುತ್ತೇನೆ’, ಅನ್ನುವ ಜೋಕು ನೀವೂ ಕೇಳಿರುತ್ತೀರಿ. ಜರ್ಮನ್ನಿನ ‘ಬೆಕೊಮೆನ್’ ಅಂದರೆ ಸಿಗುವುದು. ಇಂಗ್ಲಿಷಿನ ‘ಬಿಕಮ್’ ಅಂದರೆ ಆಗುವುದು. ಎರಡರಲ್ಲೂ ಒಳಗೆ ಕೂತಿರುವುದು ‘ಬರು’ ಅನ್ನುವ ಪದವೇ. ಬರುವುದು ಅನ್ನುವುದರಿಂದ ಸಿಗುವುದು ಹೇಗೆ ಹುಟ್ಟುತ್ತದೆ ಅಂತ ಕನ್ನಡದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಮಗೂ ಸಂಬಳ ‘ಬರುತ್ತದೆ’, ಮಾರ್ಕ್ಸ್ ‘ಬರುತ್ತದೆ’.

‘ಗಿಫ್ಟ್’ ಇನ್ನೂ ಚೆನ್ನ. ಜರ್ಮನಿಯಲ್ಲಿ ಬಾಟಲಿ ಮೇಲೆ ‘ಗಿಫ್ಟ್’ ಅಂತ ಇದ್ದರೆ ಮುಟ್ಟಬೇಡಿ, ಅದು ವಿಷ. ಮೊದಲು ಅದೂ ‘ಕೊಟ್ಟದ್ದು’ ಅಂತಲೇ ಇತ್ತು. ಕುಡಿಯಲು ಕೊಟ್ಟ ಔಷಧದ ಅಳತೆ, ಆಮೇಲೆ ಕುಡಿಯಲು ಕೊಟ್ಟ ವಿಷ. ನಮ್ಮ ‘ಮದ್ದು’ ನೋಡಿ. ಕೆಮ್ಮಿಗೆ ಮದ್ದು ಕೊಡುತ್ತಾರೆ, ಆಗದವರಿಗೆ ಮದ್ದು ‘ಹಾಕುತ್ತಾರೆ’. ಜರ್ಮನ್ನಿನಲ್ಲಿ ವರದಕ್ಷಿಣೆಗೆ ಇವತ್ತಿಗೂ ‘ಮಿಟ್‌ಗಿಫ್ಟ್’ ಅಂತ ಹೆಸರು, ಹುಡುಗಿಯ ಜೊತೆ ಕೊಟ್ಟದ್ದು. ಸ್ವೀಡನ್‌ನಲ್ಲಂತೂ ಒಂದೇ ‘ಗಿಫ್ಟ್’ಗೆ ವಿಷ ಅಂತಲೂ ಅರ್ಥ, ಮದುವೆಯಾದವರು ಅಂತಲೂ ಅರ್ಥ. ಇದರ ಮೇಲೆ ನಾನೇನೂ ಹೇಳುವುದಿಲ್ಲ, ನಮ್ಮ ಮನೆಯವರೂ ಇದನ್ನು ಓದುತ್ತಾರೆ.

ಪದ ಸರಿ ಇದ್ದು ವ್ಯಾಕರಣ ಕೈಕೊಡುವ ಜಾಗಗಳೂ ಇವೆ. ನನ್ನ ಲೆಕ್ಕದಲ್ಲಿ ಆಫೀಸಿನಲ್ಲಿ ಹೆಚ್ಚು ನಷ್ಟ ಮಾಡುವುದು ‘ಅಂಟಿಲ್’. ‘ಅಂಟಿಲ್ ಫ್ರೈಡೇ ಕಳಿಸಿ’ ಅಂತ ಜರ್ಮನ್ ಬರೆಯುತ್ತಾರೆ. ಶುಕ್ರವಾರದವರೆಗೂ ಕಳಿಸುತ್ತಲೇ ಇರಬೇಕಾ? ಅವರ ‘ಬಿಸ್’ ಅನ್ನುವ ಒಂದೇ ಪದ ನಮ್ಮ ‘ವರೆಗೆ’ ಮತ್ತು ‘ಒಳಗೆ’ ಎರಡನ್ನೂ ಹೊತ್ತುಕೊಂಡಿದೆ. ಪೋಲಿಷ್‌ನ ‘ದೋ’ ಕೂಡ ಹಾಗೇ. ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಎರಡು ಬೇರೆ ಬೇರೆ. ‘ಶುಕ್ರವಾರದೊಳಗೆ ರಜೆ’ ಅಂತ ಯಾವ ಕನ್ನಡಿಗನೂ ‘ಶುಕ್ರವಾರದವರೆಗೆ ರಜೆ’ಯ ಅರ್ಥದಲ್ಲಿ ಹೇಳುವುದಿಲ್ಲ. ಆದ್ದರಿಂದ ‘ಐ ಆಮ್ ಆನ್ ಲೀವ್ ಬೈ ಫ್ರೈಡೇ’ ಅಂತ ಯಾರಾದರೂ ಬರೆದರೆ, ಶುಕ್ರವಾರ ಅವರು ಇರುತ್ತಾರಾ ಇಲ್ಲವಾ ಅಂತ ಫೋನ್ ಮಾಡಿಯೇ ಕೇಳಿ.

ಇದಕ್ಕೆ ಉಲ್ಟಾ ಕೂಡ ಇದೆ. ‘ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ಟೂ ಇಯರ್ಸ್’ ಅಂತ ನೀವೂ ಹೇಳುತ್ತೀರಿ, ಜರ್ಮನರೂ ಹೇಳುತ್ತಾರೆ. ನಮ್ಮ ‘ಎರಡು ವರ್ಷದಿಂದ’ ಮತ್ತು ಅವರ ‘ಜೈಟ್’ ಒಂದೇ ಕೆಲಸ ಮಾಡುತ್ತವೆ. ಇಬ್ಬರೂ ಒಂದೇ ತಪ್ಪು ಮಾಡುವುದರಿಂದ ಇಬ್ಬರಿಗೂ ಪೂರ್ತಿ ಅರ್ಥವಾಗುತ್ತದೆ. ಲಂಡನ್ನಿನವರು ಮಾತ್ರ ಹುಬ್ಬೇರಿಸುತ್ತಾರೆ.

ಇನ್ನು ಗಂಟೆ, ಲೆಕ್ಕದ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಬಹಳ ವರ್ಷದ ಹಿಂದೆ ಕಲೋನ್ ನಗರದಲ್ಲಿ ಮೂವರು ಗೆಳತಿಯರು ಒಂದು ಮ್ಯೂಸಿಯಂ ಮುಂದೆ ಸೇರಬೇಕಿತ್ತು. ಒಬ್ಬಳು ಜರ್ಮನ್, ಒಬ್ಬಳು ಇಂಗ್ಲಿಷ್, ಒಬ್ಬಳು ನಾನು. ಜರ್ಮನ್ ಗೆಳತಿ ‘ಹಾಫ್ ಟೆನ್’ ಅಂದಳು. ಇಂಗ್ಲಿಷ್ ಗೆಳತಿ ಸರಿ ಅಂದಳು. ನಾನು ಜರ್ಮನ್ನಳ ಜೊತೆಗೇ ಇದ್ದುದರಿಂದ ಒಂಬತ್ತೂವರೆಗೆ ಅಲ್ಲಿದ್ದೆ. ಇನ್ನೊಬ್ಬಳು ಹತ್ತೂವರೆಗೆ ಕಾಫಿ ಹಿಡಿದುಕೊಂಡು ನಗುನಗುತ್ತಾ ಬಂದಳು. ಜರ್ಮನ್ನಿನ ‘ಹಾಲ್ಪ್ ಟ್ಸೇನ್’ ಅಂದರೆ ಹತ್ತನೇ ಗಂಟೆ ಅರ್ಧ ಆಗಿದೆ, ಅಂದರೆ ಒಂಬತ್ತೂವರೆ. ಡಚ್ಚರೂ ಸ್ವೀಡನ್ನಿನವರೂ ಹೀಗೇ ಎಣಿಸುತ್ತಾರೆ. ಬ್ರಿಟಿಷರ ‘ಹಾಫ್ ಟೆನ್’ ಅಂದರೆ ಹತ್ತಾದ ಮೇಲೆ ಅರ್ಧ, ಹತ್ತೂವರೆ. ಆ ಒಂದು ಗಂಟೆ ಚಳಿಯಲ್ಲಿ ನಿಂತ ಮೇಲೆ ನಾನು ಯಾರಿಗೇ ಆಗಲಿ ‘ನೈನ್ ಥರ್ಟಿ’ ಅಂತ ಅಂಕಿಯಲ್ಲೇ ಹೇಳುತ್ತೇನೆ.

‘ಬಿಲಿಯನ್’ ಇದಕ್ಕಿಂತ ದುಬಾರಿ. ನಿಮ್ಮ ಲಿಯೋನ್ ಆಫೀಸಿನವರಿಗೆ ಹೇಳಿ, ಈ ತಲೆನೋವು ಅವರ ಊರಿನಲ್ಲೇ ಕಾಗದಕ್ಕೆ ಬಿದ್ದಿತ್ತು ಅಂತ. 1484ರಲ್ಲಿ ಲಿಯೋನ್‌ನಲ್ಲಿದ್ದ ನಿಕೊಲಾ ಶುಕೆ ಅನ್ನುವ ಗಣಿತಜ್ಞ ಮಿಲಿಯನ್ ಸಲ ಮಿಲಿಯನ್ನಿಗೆ ‘ಬಿಲಿಯನ್’ ಅಂತ ಬರೆದಿದ್ದ. ಜರ್ಮನ್, ಫ್ರೆಂಚ್, ಸ್ಪ್ಯಾನಿಷ್ ಭಾಷೆಗಳಲ್ಲಿ ಇವತ್ತಿಗೂ ಅದೇ ಲೆಕ್ಕ. ಸಾವಿರ ಮಿಲಿಯನ್ನಿಗೆ ಜರ್ಮನರು ‘ಮಿಲಿಯಾರ್ಡೆ’ ಅಂತಾರೆ. ಅಮೆರಿಕದವರ ಬಿಲಿಯನ್ ಸಾವಿರ ಮಿಲಿಯನ್. ಬ್ರಿಟನ್ ಸರ್ಕಾರ ಕೂಡ 1974ರಲ್ಲಿ ತನ್ನ ಲೆಕ್ಕಪತ್ರದಲ್ಲಿ ಅಮೆರಿಕದ ಅರ್ಥವನ್ನೇ ಒಪ್ಪಿಕೊಂಡಿತು. ನಮ್ಮ ಲೆಕ್ಕದಲ್ಲಿ ನೋಡಿದರೆ ವ್ಯತ್ಯಾಸ ಎದ್ದು ಕಾಣುತ್ತದೆ: ಇಂಗ್ಲಿಷ್ ಬಿಲಿಯನ್ ನೂರು ಕೋಟಿ, ಜರ್ಮನ್ ಬಿಲಿಯನ್ ಲಕ್ಷ ಕೋಟಿ. ಸಾವಿರ ಪಟ್ಟು!

ಚುಕ್ಕಿ, ಅಲ್ಪವಿರಾಮದ ಅದಲುಬದಲು ನಿಮಗೆ ಆಗಲೇ ಅಭ್ಯಾಸ ಆಗಿರುತ್ತದೆ. ಜರ್ಮನ್ ಕಾಗದದಲ್ಲಿ 1,250 ಮಿಲಿಮೀಟರ್ ಅಂತ ಇದ್ದರೆ ಅದು ಒಂದೂಕಾಲು ಮಿಲಿಮೀಟರ್. ಬೆಂಗಳೂರಿನವರು ಅದನ್ನೇ ಒಂದೂಕಾಲು ಮೀಟರ್ ಅಂತ ಓದುತ್ತಾರೆ. ಫೋನಿನಲ್ಲಿ ನಂಬರ್ ಬರೆದುಕೊಳ್ಳುವಾಗಲೂ ಹುಷಾರು. ಜರ್ಮನರು 43ನ್ನು ‘ಮೂರು ಮತ್ತು ನಲವತ್ತು’ ಅಂತ ಹೇಳುವವರು, ಇಂಗ್ಲಿಷಿನಲ್ಲಿ ಹೇಳುವಾಗ ಗಡಿಬಿಡಿಯಲ್ಲಿ 34 ಅಂದುಬಿಡುತ್ತಾರೆ. ಸಂಸ್ಕೃತದ ‘ಏಕವಿಂಶತಿ’ಯೂ ಹೀಗೇ ಬಿಡಿಯನ್ನು ಮೊದಲು ಹೇಳುತ್ತದೆ. ನಮ್ಮ ‘ಇಪ್ಪತ್ತೊಂದು’ ಎಷ್ಟೋ ವಾಸಿ. ಫ್ರಾನ್ಸಿನವರ ತೊಂಬತ್ತು ಅಂದರೆ ‘ನಾಲ್ಕು ಇಪ್ಪತ್ತು ಹತ್ತು’. ಪಕ್ಕದ ಬೆಲ್ಜಿಯಂ, ಸ್ವಿಟ್ಜರ್ಲೆಂಡಿನ ಫ್ರೆಂಚ್‌ನವರು ‘ನೊನಾಂತ್’ ಅಂತ ಒಂದೇ ಪದದಲ್ಲಿ ಮುಗಿಸುತ್ತಾರೆ.

ಇಂಗ್ಲಿಷಿನ ವೇಷ ಹಾಕಿಕೊಂಡ, ಇಂಗ್ಲೆಂಡಿನಲ್ಲಿ ಆ ಅರ್ಥವೇ ಇಲ್ಲದ ಪದಗಳು ಬೇರೆ ಇವೆ. ಜರ್ಮನಿಯಲ್ಲಿ ಮೊಬೈಲ್ ‘ಹ್ಯಾಂಡಿ’, ಪ್ರೊಜೆಕ್ಟರ್ ‘ಬೀಮರ್’, ಹಳೆಯ ಕಾರು ‘ಓಲ್ಡ್‌ಟೈಮರ್’. ‘ಇವತ್ತು ನಾನು ಹೋಮ್ ಆಫೀಸಿನಲ್ಲಿದ್ದೇನೆ’ ಅಂದರೆ ಮನೆಯಿಂದ ಕೆಲಸ ಅಂತ. ಲಂಡನ್ನಿನವರಿಗೆ ಹೋಮ್ ಆಫೀಸ್ ಅಂದರೆ ಗೃಹ ಇಲಾಖೆ, ವೀಸಾ ಕೊಡುವವರು. ನಗಬೇಡಿ, ನಮ್ಮ ಊರಲ್ಲಿ ‘ಹೋಟೆಲ್’ ಅಂದರೆ ಇಡ್ಲಿ ವಡೆ ಸಿಗುವ ಜಾಗ, ‘ಬಂಕ್’ ಅಂದರೆ ಪೆಟ್ರೋಲ್ ಹಾಕುವ ಜಾಗ. ನಮ್ಮ ಮೆಕ್ಯಾನಿಕ್‌ಗಳ ‘ಸ್ಟೆಪ್ನಿ’ ಗೊತ್ತಲ್ಲ? ವೇಲ್ಸ್‌ನ ಲನೆಲ್ಲಿ ಅನ್ನುವ ಊರಿನ ಸ್ಟೆಪ್ನಿ ಬೀದಿಯಲ್ಲಿ ಡೇವಿಸ್ ಸಹೋದರರು 1904ರಲ್ಲಿ ಕಾರಿಗೆ ಹೆಚ್ಚುವರಿ ಚಕ್ರ ಮಾಡಿ ಮಾರಿದರು. ಇಂಗ್ಲೆಂಡಿನವರು ಆ ಹೆಸರನ್ನು ಮರೆತರು. ನಾವು ಇಟ್ಟುಕೊಂಡೆವು, ಮಾಲ್ಟಾದವರೂ ಇಟ್ಟುಕೊಂಡರು. ನಿಮ್ಮ ಕಂಪನಿಯಲ್ಲಿ ಮಾಲ್ಟಾದವರು ಯಾರಾದರೂ ಇದ್ದರೆ ಸ್ಟೆಪ್ನಿ ಅಂತ ಕೇಳಿ ನೋಡಿ.

ಅಕ್ಕಪಕ್ಕದ ದೇಶಗಳು ಪರಸ್ಪರ ಗೊಂದಲಕ್ಕೆ ಬೀಳುವುದೂ ಕಡಿಮೆ ಏನಲ್ಲ. ಪೋಲೆಂಡಿನಲ್ಲಿ ‘ಚೆರ್ಸ್ತ್ವಿ’ ಬ್ರೆಡ್ ಅಂದರೆ ಒಣಗಿ ಗಟ್ಟಿಯಾದ ಹಳೇ ಬ್ರೆಡ್. ಗಡಿ ದಾಟಿ ಚೆಕ್ ದೇಶಕ್ಕೆ ಹೋದರೆ ಅದೇ ಪದಕ್ಕೆ ತಾಜಾ ಅಂತ ಅರ್ಥ. ಗ್ರೀಕರು ಹೌದು ಅನ್ನಲು ‘ನೆ’ ಅಂತಾರೆ, ಪಕ್ಕದ ಬಲ್ಗೇರಿಯಾದವರ ‘ನೆ’ ಅಂದರೆ ಇಲ್ಲ. ಬಲ್ಗೇರಿಯಾದಲ್ಲಿ ಹೌದು ಅನ್ನಲು ತಲೆಯನ್ನು ಅಡ್ಡಡ್ಡ ಆಡಿಸುವ ರೂಢಿಯೂ ಇದೆ, ಅಲ್ಲಿ ನಮ್ಮವರಿಗೆ ಸ್ವಂತ ಊರಿಗೆ ಬಂದ ಹಾಗಾಗುತ್ತದೆ.

ನನಗೆ ಬಹಳ ಇಷ್ಟವಾದದ್ದು ಮಾತ್ರ ಡಚ್ಚರ ಕೆರೆ. ಸ್ಟುಟ್‌ಗಾರ್ಟ್‌ನಿಂದ ದಕ್ಷಿಣಕ್ಕೆ ಹೋದರೆ ಬೋಡನ್‌ಜೇ ಅನ್ನುವ ಸರೋವರ ಇದೆಯಲ್ಲ, ಅದರಲ್ಲಿ ‘ಜೇ’ ಅಂದರೆ ಕೆರೆ, ಸರೋವರ. ಜರ್ಮನ್ನಿನಲ್ಲಿ ಸಮುದ್ರ ‘ಮೇರ್’. ಡಚ್ಚಿನಲ್ಲಿ ಸರಿಯಾಗಿ ತಿರುಗುಮುರುಗು, ‘ಜೇ’ ಸಮುದ್ರ, ‘ಮೇರ್’ ಕೆರೆ. ನೆದರ್‌ಲ್ಯಾಂಡ್ಸ್‌ನಲ್ಲಿ ‘ಜೌಡರ್‌ಜೇ’ ಅಂತ ಸಮುದ್ರದ ಒಂದು ಕೊಲ್ಲಿ ಇತ್ತು. 1932ರಲ್ಲಿ ಅದರ ಬಾಯಿಗೆ ಉದ್ದನೆಯ ಕಟ್ಟೆ ಕಟ್ಟಿ ಮುಚ್ಚಿದರು. ಒಳಗಿನ ನೀರು ನಿಧಾನವಾಗಿ ಸಿಹಿಯಾಯಿತು. ಸಮುದ್ರ ಕೆರೆಯಾಯಿತು ಅಂತ ಹೆಸರನ್ನೂ ಬದಲಾಯಿಸಿ ‘ಐಸಲ್‌ಮೇರ್’ ಅಂತ ಇಟ್ಟರು. ಜರ್ಮನರ ಕಿವಿಗೆ ಕೆರೆಯೊಂದನ್ನು ಕಟ್ಟೆ ಕಟ್ಟಿ ಸಮುದ್ರ ಮಾಡಿದ ಹಾಗೆ ಕೇಳುತ್ತದೆ.

ಪಟ್ಟಿ ಕೇಳಿದ್ದಿರಿ. ಒಂದು ಒಳ್ಳೆಯದೇ ಇದೆ. ಲಕ್ಸಂಬರ್ಗ್‌ನಲ್ಲಿರುವ ಯುರೋಪಿಯನ್ ಕೋರ್ಟ್ ಆಫ್ ಆಡಿಟರ್ಸ್‌ನ ಅನುವಾದಕರಾಗಿದ್ದ ಜೆರೆಮಿ ಗಾರ್ಡ್ನರ್ ಅವರು ಯುರೋಪಿಯನ್ ಒಕ್ಕೂಟದ ಕಾಗದಪತ್ರಗಳಲ್ಲಿ ತಪ್ಪಾಗಿ ಬಳಕೆಯಾಗುವ ಇಂಗ್ಲಿಷ್ ಪದಗಳನ್ನು ಕೂಡಿಹಾಕಿದ್ದಾರೆ. 2013ರಲ್ಲಿ ಬಂತು, 2016ರಲ್ಲಿ ಪರಿಷ್ಕರಿಸಿದರು. ಎವೆಂಚುವಲ್, ಆಕ್ಚುವಲ್, ಕಂಟ್ರೋಲ್ ಎಲ್ಲ ಅದರಲ್ಲಿವೆ. ‘ಪಂಕ್ಚುವಲ್’ ಅನ್ನು ‘ಯಾವಾಗಲೋ ಒಮ್ಮೆ’ ಅನ್ನುವ ಅರ್ಥದಲ್ಲಿ ಬರೆಯುವುದೂ ಇದೆ. ಆ ಪಟ್ಟಿ ಬರೆದದ್ದು ತಿದ್ದುವುದಕ್ಕೆ. ಆದರೆ ನೀವು ಅದನ್ನು ಓದುವುದಕ್ಕೆ ಬಳಸಿ ಅಂತ ನನ್ನ ಸಲಹೆ. ಯಾಕೆ ಅಂದರೆ ಒಕ್ಕೂಟದಲ್ಲಿ 24 ಅಧಿಕೃತ ಭಾಷೆಗಳಿವೆ. ಬ್ರಿಟನ್ 2020ರಲ್ಲಿ ಹೊರಗೆ ಹೋಯಿತು. ಈಗ ಒಳಗಿರುವವರಲ್ಲಿ ಇಂಗ್ಲಿಷನ್ನು ತಮ್ಮ ಅಧಿಕೃತ ಭಾಷೆ ಅನ್ನುವ ದೇಶಗಳು ಐರ್ಲೆಂಡ್ ಮತ್ತು ಮಾಲ್ಟಾ, ಎರಡೇ. ಆದರೂ ಇಂಗ್ಲಿಷ್ ನಡೆಯುತ್ತಲೇ ಇದೆ. ಅಲ್ಲಿ ಮೀಟಿಂಗಿನಲ್ಲಿ ಕೂತವರಲ್ಲಿ ಬಹಳ ಜನಕ್ಕೆ ‘ಎವೆಂಚುವಲಿ’ ಅಂದರೆ ‘ಬಹುಶಃ’. ಅಂಥ ಕಡೆ ನೀವೊಬ್ಬರೇ ಡಿಕ್ಷನರಿ ಹಿಡಿದು ಸರಿ ಇದ್ದು ಏನು ಮಾಡುತ್ತೀರಿ?

ಹಾಗಾದರೆ ತಪ್ಪು ಯಾರದು ಅಂದರೆ, ಬರೆಯುವಾಗ ಅವರದು. ಆದರೆ ರೂಮು ಬುಕ್ ಮಾಡುವ ಮೊದಲು ಕೇಳದೆ ಇದ್ದದ್ದು ನಿಮ್ಮದು. ಮ್ಯಾನೇಜರ್ ಅವರನ್ನು ಎಲ್ಲರ ಮುಂದೆ ತಿದ್ದಬೇಡಿ. ಅನುಮಾನ ಬಂದ ಪದವನ್ನು ವಾಪಸ್ ಬರೆಯಬೇಡಿ, ಅದರ ಅರ್ಥವನ್ನು ಪ್ರಶ್ನೆ ಮಾಡಿ ಕಳಿಸಿ. ‘ಮಾರ್ಚ್‌ಗೆ ಟಿಕೆಟ್ ಆಗಿದೆಯಾ, ಇನ್ನೂ ಯೋಚನೆಯಲ್ಲಿದೆಯಾ?’ ಅಂತ ಕೇಳಿದರೆ ಯಾವ ಭಾಷೆಯವರೂ ಸರಿಯಾದ ಉತ್ತರವನ್ನೇ ಕೊಡುತ್ತಾರೆ. ತಾರೀಖು, ಗಂಟೆ ಅಂಕಿಯಲ್ಲಿ, ತಿಂಗಳು ಅಕ್ಷರದಲ್ಲಿ ಬರೆಯಿರಿ. ನೀವು ಬರೆಯುವ ಮೇಲ್‌ಗಳಲ್ಲಿ ಎವೆಂಚುವಲಿ, ಆಕ್ಚುವಲಿ ಎರಡನ್ನೂ ಬಿಟ್ಟೇಬಿಡಿ, ಏನೂ ಕಳೆದುಕೊಳ್ಳುವುದಿಲ್ಲ. ಇನ್ನೊಂದು, ನಮ್ಮ ‘ಐ ಹ್ಯಾವ್ ಎ ಡೌಟ್’ ಅಲ್ಲಿಯವರಿಗೆ ‘ನಿಮ್ಮ ಮಾತಿನ ಮೇಲೆ ನಂಬಿಕೆ ಇಲ್ಲ’ ಅಂತ ಕೇಳುತ್ತದೆ. ಪ್ರಶ್ನೆ ಇದೆ ಅನ್ನಿ. ಲಿಯೋನ್‌ನವರೂ ನಿಮ್ಮ ಮೇಲ್ ಓದಿ ಮೈ ಉರಿಸಿಕೊಂಡಿರಬಹುದು!

ಪೋರ್ಚುಗಲ್ ಬಗ್ಗೆ ಕೇಳಿದ್ದಿರಿ. ಅಲ್ಲೂ ಇದೇ ಕಥೆ. ಯಾರಾದರೂ ನಿಮ್ಮ ಉಪ್ಪಿಟ್ಟನ್ನು ‘ಎಷ್ಕಿಜಿತು’ ಅಂದರೆ ಹಿಗ್ಗಬೇಡಿ, ವಿಚಿತ್ರವಾಗಿದೆ ಅಂತ ಅರ್ಥ. ಅದೇ ಪದ ಸ್ಪೇನ್‌ನಲ್ಲಿ ‘ಬಲು ರುಚಿ’. ಮತ್ತೆ, ಲಿಸ್ಬನ್‌ನಲ್ಲಿ ಬ್ಯಾಂಕು, ಅಂಗಡಿಗಳ ಗಾಜಿನ ಬಾಗಿಲ ಮೇಲೆ ಒಂದು ಪದ ಬರೆದಿರುತ್ತಾರೆ. ಓದಿದರೆ ಹೆಚ್ಚುಕಡಿಮೆ ‘ಪುಶ್’ ಅಂತಲೇ ಕೇಳುತ್ತದೆ. ಆ ಬಾಗಿಲನ್ನು ನಿಮ್ಮ ಕಡೆಗೆ ಎಳೆಯಿರಿ.